ಐದನೆಯ ಪುಟದ ಬೆನ್ನಿಗೆ

4-2-1986

ಅಣ್ಣಾ,

ಈ ಹಾಳೆಯನ್ನು ಮೊದಲು ತಿರುಗಿಸು. ಅಚ್ಚಾಗಿರುವ ಬದಿಯನ್ನು ಓದು, ಆಮೇಲೆ ನನ್ನ ಸೊಟ್ಟ ಅಕ್ಷರ ಓದು. ನಿನ್ನೆಯಿಂದ ನನಗೆ ಊಟ ಸೇರುತ್ತಿಲ್ಲ.

ನಮ್ಮ ಪ್ರೆಸ್ಸಿಗೆ ಒಂದು ಕರಪತ್ರ ಬಂದಿದೆ. ಎಂಟು ಪುಟ, ಹೆಸರು 'ಕಾಡಿನ ನೆಲಕ್ಕೂ ಉಸಿರಿದೆ'. ಮಣ್ಣಿನ ವಿಚಾರ ಓದಿಕೊಂಡ ಒಬ್ಬರು ಮೇಷ್ಟರು ಬರೆದದ್ದು. ನನ್ನ ಕೆಲಸ ಹಾಳೆ ಮಡಿಸುವುದು, ಹೊಲಿಯುವುದು. ಓದುವುದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ಆದರೂ ಓದಿದೆ. ಒಂದೇ ಬದಿ ಅಚ್ಚಾದ ರದ್ದಿ ಹಾಳೆಗಳು ಮೂಲೆಯಲ್ಲಿ ರಾಶಿ ಬಿದ್ದಿವೆ, ಕತ್ತರಿಸಿ ತಂದು ಖಾಲಿ ಬೆನ್ನಿಗೆ ಬರೆಯುತ್ತಿದ್ದೇನೆ.

ಇಷ್ಟು ದಿನ ನಾನು ಏನಂದುಕೊಂಡಿದ್ದೆ ಗೊತ್ತಾ? ಕಾಡನ್ನು ಕೊಲ್ಲುವುದು ಗರಗಸ. ನೀನು ಗರಗಸ ಹಿಡಿಯುವವನಲ್ಲ, ಬಿದ್ದ ದಿಮ್ಮಿಗಳನ್ನು ಗಾಡಿಗೆ ತುಂಬಿ ರಸ್ತೆಗೆ ತರುವವನು. ಹಾಗಾಗಿ ನನ್ನ ಅಣ್ಣನ ಕೈ ಚೊಕ್ಕಟ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಕಾಡಿನ ಮಣ್ಣಿನಲ್ಲಿ ಅರ್ಧಕ್ಕರ್ಧ ಮಣ್ಣೇ ಇಲ್ಲವಂತೆ ಅಣ್ಣಾ! ಬರೀ ಸಂದು, ತೂತು. ಅದರಲ್ಲಿ ಗಾಳಿ ಇರುತ್ತದೆ, ನೀರು ಇರುತ್ತದೆ. ಬೇರು ಉಸಿರಾಡುವುದು ಆ ತೂತುಗಳಿಂದ. ನಿನ್ನ ಗಾಡಿಯ ಚಕ್ರದಡಿ ಅವು ಮುಚ್ಚಿಹೋಗುತ್ತವೆ. ಮರ ನಿಂತೇ ಇರುತ್ತದೆ, ಎಲೆ ಹಸಿರಾಗೇ ಇರುತ್ತದೆ, ಕೆಳಗೆ ಯಾರೋ ಅದರ ಮೂಗು ಒತ್ತಿ ಹಿಡಿದಿರುತ್ತಾರೆ. ಮರಕ್ಕೆ ಉಣಿಸುವ ಬೇರುಗಳೆಲ್ಲ ಇರುವುದು ಮೇಲಿನ ಒಂದು ಮೊಳದಲ್ಲಿ.

ಮುಂದಿನ ತಿಂಗಳು ನೀನು ಇಳಿಯುವುದು ಅಪ್ಪ ನೆಟ್ಟ ಕೆಳಗಿನ ತೋಪಿಗೆ. ಗುರುತು ಹಾಕಿದ ಮರ ಮಾತ್ರ ಹೋಗುತ್ತವೆ, ಉಳಿದವು ಬೆಳೆಯಲಿ ಅಂತಲೇ ಈ ಕೆಲಸ ಅಂತ ನೀನೇ ಬರೆದಿದ್ದೆ. ಉಳಿದವು ಹೇಗೆ ಬೆಳೆಯುತ್ತವೆ ಹೇಳು? ಏನಾದರೂ ಮಾಡು.

ತಂಗಿ


15-2-1986

ಕರಪತ್ರಮ್ಮನವರಿಗೆ,

ನೀನು ಊಟ ಬಿಟ್ಟರೆ ಮಣ್ಣಿನಲ್ಲಿ ತೂತು ಜಾಸ್ತಿ ಆಗುತ್ತದೆಯೇ? ಮೊದಲು ಉಣ್ಣು.

ಅಚ್ಚಾದ ಬದಿಯನ್ನು ನಿನ್ನ ಅತ್ತಿಗೆ ಜೋರಾಗಿ ಓದಿದಳು. ಅಪ್ಪ ಹೊಸಿಲ ಮೇಲೆ ಕೂತು ಹಾರೆಯ ತುದಿಯನ್ನು ಎಂದಿನಂತೆ ಕಲ್ಲಿಗೆ ಉಜ್ಜುತ್ತಿದ್ದ. ಸಸಿ ನೆಡುವುದು ಬಿಟ್ಟು ಹತ್ತು ವರ್ಷ ಆದರೂ ಆ ಹಾರೆಯನ್ನು ಊರುಗೋಲು ಮಾಡಿಕೊಂಡು ತಿರುಗುತ್ತಾನೆ, ನಿನಗೇ ಗೊತ್ತು. ಎಲ್ಲ ಕೇಳಿ ಅಂದ: "ಮಣ್ಣಿಗೆ ಉಸಿರಿದೆ ಅಂತ ತಿಳಿಯೋಕೆ ಇವಳಿಗೆ ಎಂಟು ಪುಟ ಬೇಕಾಯ್ತಾ? ನನ್ನ ಜೊತೆ ಸಸಿ ನೆಡೋಕೆ ಬಾ ಅಂದ್ರೆ ಕೆಸರು ಅಂತಿದ್ಲು."

ನಗಬೇಡ. ಹಾಳೆ ನನಗೂ ತಟ್ಟಿತು. ನನ್ನ ಗಾಡಿಗೆ ಎಂಟು ಚಕ್ರ. ಖಾಲಿ ಇದ್ದರೆ ಹದಿನಾಲ್ಕು ಟನ್, ದಿಮ್ಮಿ ತುಂಬಿದರೆ ಇಪ್ಪತ್ತಾರು. ಒಂದು ತೋಪಿಗೆ ಇಳಿದರೆ ಒಂದೆರಡು ದಾರಿ ಹಿಡಿದು ಹೋಗಿ ಬಂದು, ಹೋಗಿ ಬಂದು, ಕೊನೆಗೆ ಆ ದಾರಿ ಮೊಣಕಾಲು ಆಳದ ಕಾಲುವೆಯಾಗುತ್ತದೆ. ಅದರ ಅಂಚಿನಲ್ಲಿ ಹರಿದ ಬೇರುಗಳು ಬೆಳ್ಳಗೆ ಎದ್ದು ನಿಂತಿರುತ್ತವೆ. ಆರು ವರ್ಷದಿಂದ ನೋಡುತ್ತಿದ್ದೇನೆ, ನೋಡಿಯೂ ನೋಡಿಲ್ಲ.

ಆದರೆ ಗಾಡಿ ಹಾರಿಕೊಂಡು ಹೋಗುವುದಿಲ್ಲವಲ್ಲ. ನಾನು ಓಡಿಸದಿದ್ದರೆ ಇನ್ನೊಬ್ಬ ಡ್ರೈವರ್, ನಮ್ಮ ಮೀಸೆ, ಓಡಿಸುತ್ತಾನೆ. ಅವನು ಸೀಟಿನಲ್ಲಿ ಕೂತರೆ ಮೀಸೆಯ ಎರಡು ತುದಿ ಬಿಟ್ಟು ಬೇರೇನೂ ಕಾಣದವನು. ದಾರಿ ಯಾವುದು ಅಂತ ತೀರ್ಮಾನಿಸುವುದು ನಾವಿಬ್ಬರೇ, ಮೇಲ್ವಿಚಾರಕರು ರಸ್ತೆ ಬಿಟ್ಟು ಕೆಳಗಿಳಿಯುವುದಿಲ್ಲ. ಆ ಮೇಷ್ಟರು ಏನು ಮಾಡಬೇಕು ಅಂತ ಬರೆದಿದ್ದಾರೆ? ಅದನ್ನು ತಿಳಿಸು, ಮಾಡುತ್ತೇನೆ.

ಅಣ್ಣ


24-2-1986

ಅಣ್ಣಾ,

ನಿನ್ನ ಕಾಗದ ಓದಿ ಅತ್ತುಬಿಟ್ಟೆ. ಮಾಡುತ್ತೇನೆ ಅಂದೆಯಲ್ಲ, ಅದಕ್ಕೆ.

ಇದು ಐದನೆಯ ಪುಟದ ಬೆನ್ನು. ತಿರುಗಿಸಿ ನೋಡು, ಏನು ಬರೆದಿದೆ? 'ಒಂದೇ ದಾರಿಯಲ್ಲಿ ಗಾಡಿ ಇಪ್ಪತ್ತು ಸಲ ಓಡಾಡಿದರೆ ಆ ನೆಲ ಇಟ್ಟಿಗೆಯಂತಾಗುತ್ತದೆ. ಅಲ್ಲಿ ಹುಲ್ಲು ಸಹ ಹುಟ್ಟದು. ಆದ್ದರಿಂದ ಗಾಡಿ ಓಡಿಸುವವರು...'

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟೇ: ಹೋದ ದಾರಿಯಲ್ಲಿ ಮತ್ತೆ ಹೋಗಬೇಡಿ. ಪ್ರತಿ ಸಲ ಹೊಸ ದಾರಿ ಹಿಡಿಯಿರಿ. ತೋಪು ಅಷ್ಟು ಅಗಲ ಇದೆ, ಭಾರವನ್ನು ಇಡೀ ನೆಲ ಹಂಚಿಕೊಳ್ಳಲಿ. ಒಂದು ಪಟ್ಟಿ ಮಣ್ಣು ಮಾತ್ರ ಎಲ್ಲರ ಭಾರ ಹೊತ್ತು ಸಾಯಬೇಕು, ಪಕ್ಕದ ಮಣ್ಣು ಹಾಯಾಗಿ ಇರಬೇಕು, ಇದು ಯಾವ ನ್ಯಾಯ? ಮನುಷ್ಯರಲ್ಲಿ ನಾವು ಇದನ್ನೇ ತಾನೆ ಬೇಡ ಅನ್ನುವುದು? ಹತ್ತು ಜನ ಎತ್ತುವ ದಿಮ್ಮಿಯನ್ನು ಒಬ್ಬನ ಹೆಗಲಿಗೆ ಹಾಕಿದರೆ ಅವನು ಸಾಯುತ್ತಾನೆ, ಹತ್ತೂ ಜನ ಹಿಡಿದರೆ ಯಾರ ಹೆಗಲೂ ಬಾತುಕೊಳ್ಳುವುದಿಲ್ಲ.

ಮೀಸೆಯವರಿಗೂ ಹೇಳು. ಒಪ್ಪದಿದ್ದರೆ ನಾನೇ ಬಂದು ಗಾಡಿಯ ಮುಂದೆ ಮಲಗುತ್ತೇನೆ ಅನ್ನು.

ಅಪ್ಪ ಏನಂದ, ಬರೆ.

ತಂಗಿ


30-3-1986

ತಂಗೀ,

ಮುಗಿಯಿತು. ನೀನು ಹೇಳಿದ ಹಾಗೇ ಮಾಡಿದೆವು.

ಮೀಸೆ ಮೊದಲು, "ನಿನ್ನ ತಂಗಿ ಗಾಡಿ ಓಡಿಸಿದಾಳಾ? ಸೈಕಲ್ಲಾದ್ರೂ?" ಅಂದ. ನೀನು ಗಾಡಿಯ ಮುಂದೆ ಮಲಗುವ ವಿಚಾರ ಹೇಳಿದೆ. "ಮಲಗೋ ಜನ ಅಂದ್ರೆ ಮಲಗೇ ಮಲಗ್ತಾರೆ, ಬೇಡಪ್ಪ," ಅಂತ ಒಪ್ಪಿದ. ಹನ್ನೊಂದು ದಿನ, ಇಬ್ಬರೂ ಒಂದು ದಾರಿಯನ್ನು ಎರಡನೇ ಸಲ ತುಳಿಯಲಿಲ್ಲ. ಮರದ ಸಂದಿಯಲ್ಲಿ ನುಗ್ಗಿ, ಬಳಸಿ, ದಿಮ್ಮಿ ಬಿದ್ದಲ್ಲಿಗೇ ಹೋಗಿ ಎತ್ತಿದೆವು. ನಡುವೆ ಮೂರು ದಿನ ಮಳೆ ಬಂತು, ಆದರೂ ಎಲ್ಲಿಯೂ ಗಾಡಿ ಹೂತುಕೊಳ್ಳಲಿಲ್ಲ. ಕಾಲುವೆ ಬೀಳಲಿಲ್ಲ, ಬೇರು ಹರಿದು ಎದ್ದದ್ದು ಕಾಣಲಿಲ್ಲ. ಎಲೆ ಮೇಲೆ ಎಲೆ ಒತ್ತಿದ ಗುರುತು, ಅಷ್ಟೇ. ಮೇಲ್ವಿಚಾರಕರು ಜೀವಮಾನದಲ್ಲಿ ಮೊದಲ ಸಲ ತೋಪಿನೊಳಗೆ ಹತ್ತು ಹೆಜ್ಜೆ ಇಟ್ಟು, "ಇಲ್ಲಿ ಗಾಡಿ ಓಡಿದೆ ಅಂದ್ರೆ ಯಾರೂ ನಂಬಲ್ಲ ಕಣ್ರೀ," ಅಂದರು.

ಅಪ್ಪ ಏನಂದ ಅಂತ ನೀನು ಕೇಳಿದ್ದೆ. ಅವನಿಗೆ ಸ್ವಲ್ಪ ನೆಗಡಿ.

ಅಣ್ಣ


9-4-1986

ಅಣ್ಣಾ, ನನ್ನ ಅಣ್ಣಾ,

ನಿನ್ನ ಕಾಗದವನ್ನು ನಮ್ಮ ಭಾನುವಾರದ ಓದುವ ಗುಂಪಿನಲ್ಲಿ ನಿಂತು ಓದಿದೆ. ಹದಿನಾರು ಜನ ಚಪ್ಪಾಳೆ ಹೊಡೆದರು. ಅದರಲ್ಲೊಬ್ಬಳು, "ಕಾಡನ್ನ ಉಳಿಸೋದು ಕಾಡಿನ ಕೆಲಸಗಾರನೇ ಅಂತ ಈಗ ನಂಬ್ತೀನಿ," ಅಂದಳು. ನಾವು ಬರೆಯುವ ಗೋಡೆ ಪತ್ರಿಕೆಯಲ್ಲಿ ನಿನ್ನ ಹನ್ನೊಂದು ದಿನಗಳ ಕಥೆ ಹಾಕಿದ್ದೇವೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ. ತಲೆಬರಹ ನನ್ನದೇ: 'ಭಾರ ಹಂಚಿಕೊಂಡ ನೆಲ'. ಇನ್ನೂ ಎರಡು ಊರಿನ ಗುಂಪುಗಳು ಅದನ್ನು ನಕಲು ಮಾಡಿಕೊಂಡು ಹೋದವು.

ಅಪ್ಪನ ನೆಗಡಿಗೆ ಬಿಸಿನೀರಿನ ಹಬೆ ಹಿಡಿಸು. ನನ್ನ ಮೇಲೆ ಅವನಿಗೆ ಹೆಮ್ಮೆ ಆಯಿತಾ ಅಂತ ಕೇಳು. ಕೇಳಬೇಡ. ಕೇಳು.

ತಂಗಿ


2-7-1987

ತಂಗೀ,

ಒಂದು ವರ್ಷದಿಂದ ನಿನ್ನ ನಾಲ್ಕು ಕಾಗದಕ್ಕೆ ನನ್ನದು ಎರಡು ಸಾಲಿನ ಉತ್ತರ. ಕೆಲಸ ಜಾಸ್ತಿ ಅಂತ ಬರೆಯುತ್ತಿದ್ದೆ. ಕೆಲಸ ಜಾಸ್ತಿ ಇರಲಿಲ್ಲ.

ಕೆಳಗಿನ ತೋಪಿನಲ್ಲಿ ಮಳೆನೀರು ಇಳಿಯುತ್ತಿಲ್ಲ. ಮೊದಲು ಅಲ್ಲಿ ಎಷ್ಟು ಸುರಿದರೂ ಗಳಿಗೆಯಲ್ಲಿ ಮಾಯ. ಈಗ ತಟ್ಟೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಈ ವರ್ಷದ ಎಲೆ ಹೋದ ವರ್ಷದ ಅರ್ಧ. ತಲೆಯ ಮೇಲೆ ಆಕಾಶ ಕಾಣುತ್ತಿದೆ, ಮೊದಲು ಕಾಣುತ್ತಿರಲಿಲ್ಲ. ಬುಡದಲ್ಲಿ ಅಣಬೆ ಎದ್ದಿದೆ.

ಮೊನ್ನೆ ಮಂಗಳವಾರ ಮಧ್ಯಾಹ್ನ ಗಾಳಿ ಬಂತು. ದೊಡ್ಡ ಗಾಳಿ ಏನಲ್ಲ, ನಿನ್ನ ಅತ್ತಿಗೆ ಒಣಗಲು ಹಾಕಿದ ಸೀರೆ ಕೂಡ ತಂತಿಯ ಮೇಲೇ ಇತ್ತು. ಹನ್ನೊಂದು ಮರ ಬಿದ್ದವು. ಮುರಿದದ್ದಲ್ಲ, ಬುಡಸಮೇತ ಮಗುಚಿದವು. ಮೀಸೆ ಅಲ್ಲೇ ಇದ್ದ. "ಮರ ಬಿದ್ದ ಹಾಗಿರಲಿಲ್ಲ, ನಿಲ್ಲಿಸಿದ್ದ ಛತ್ರಿ ಬಿದ್ದ ಹಾಗಿತ್ತು," ಅಂದ. ನಗಲಿಲ್ಲ ಅವನು. ಹೋಗಿ ನೋಡಿದೆ. ಬೇರಿನ ಜೊತೆ ಎದ್ದು ಬಂದದ್ದು ಒಂದು ಗೇಣು ದಪ್ಪದ ಮಣ್ಣು, ಅದರ ತಳ ಗಾರೆ ನೆಲದ ಹಾಗೆ ನುಣ್ಣಗೆ. ಕೆಳಗೆ ಇಳಿದಿದ್ದ ಬೇರು ಕಪ್ಪಾಗಿ ಕೊಳೆತಿತ್ತು. ಮುಟ್ಟಿದರೆ ಸಿಪ್ಪೆ ಕೈಗೇ ಬಂತು.

ಅಪ್ಪ ದಿನಾ ಹಾರೆ ಹಿಡಿದು ತೋಪಿಗೆ ಹೋಗುತ್ತಾನೆ. ಹತ್ತು ಹೆಜ್ಜೆಗೊಮ್ಮೆ ನಿಂತು ಹಾರೆ ಊರುತ್ತಾನೆ. ನಿನಗೆ ಇದನ್ನು ಬರೆಯಬೇಡ ಅಂದಿದ್ದ.

ಅಣ್ಣ


20-7-1987

ಅಣ್ಣಾ,

ನಂಬಲಾರೆ. ನಿನ್ನ ಕಾಗದವನ್ನು ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತು ಮೂರು ಸಲ ಓದಿದೆ. ಫೋರ್‌ಮನ್ನರು, "ಏನಮ್ಮಾ, ಯಾರಾದ್ರೂ ಹೋದ್ರಾ?" ಅಂತ ಕೇಳಿದರು. ಹನ್ನೊಂದು ಜನ ಅನ್ನಬೇಕು ಅನ್ನಿಸಿತು.

ನೇರವಾಗಿ ಕೇಳುತ್ತೇನೆ. ನೀವು ಮಾತಿಗೆ ತಪ್ಪಿದಿರಿ, ಅಲ್ಲವಾ? ನನಗೆ ಸಂತೋಷವಾಗಲಿ ಅಂತ ಹೊಸ ದಾರಿ ಅಂತ ಬರೆದು, ಅಲ್ಲಿ ಹಳೆಯ ದಾರಿಯಲ್ಲೇ ಓಡಿಸಿದಿರಿ. ಇಲ್ಲದಿದ್ದರೆ ಹೀಗೆ ಆಗಲು ಸಾಧ್ಯವೇ ಇಲ್ಲ. ಭಾರ ಹಂಚಿದ ನೆಲ ಸಾಯುವುದಿಲ್ಲ. ನಾನು ಹದಿನಾರು ಜನರ ಮುಂದೆ ನಿಂತು ನಿನ್ನ ಕಾಗದ ಓದಿದ್ದೇನೆ, ಗೋಡೆಗೆ ಅಂಟಿಸಿದ್ದೇನೆ. ಅಪ್ಪನ ಕೈಯಿಂದ ನೆಟ್ಟ ಮರ ಅದು. ಒಂದೊಂದಕ್ಕೂ ಅವನು ಒಂದೊಂದು ಸಲ ಬಗ್ಗಿದ್ದಾನೆ. ಅವನ ಸೊಂಟ ಈಗ ನೆಟ್ಟಗಾಗದಿರುವುದು ಆ ಮರಗಳಿಂದ. ಅದರ ಮೇಲೆ ಸುಳ್ಳು ಹೇಳಲು ನಿನಗೆ ಮನಸ್ಸು ಹೇಗೆ ಬಂತು?

ನಿಜ ಬರೆದರೆ ಮಾತ್ರ ಉತ್ತರ ಬರೆ.

ತಂಗಿ


11-10-1987

ಅಣ್ಣಾ,

ನೀನು ಉತ್ತರ ಬರೆಯಲಿಲ್ಲ. ಸರಿಯಾಗಿಯೇ ಮಾಡಿದೆ. ಇದನ್ನು ಹರಿದು ಹಾಕುವ ಮುಂಚೆ ಪೂರ್ತಿ ಓದು, ಅಷ್ಟು ಸಾಕು.

ನಾನು ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಎಂಟು ಪುಟದ ಕರಪತ್ರವನ್ನು ಒಂದು ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕುತ್ತಾರೆ. ಈ ಬದಿ ನಾಲ್ಕು ಪುಟ, ಆ ಬದಿ ನಾಲ್ಕು ಪುಟ. ಮಡಿಸಿದರೆ ಪುಟಗಳು ಸಾಲಾಗಿ ಬರುತ್ತವೆ. ಹೋದ ವರ್ಷ ಆ ಕೆಲಸ ಅರ್ಧಕ್ಕೆ ನಿಂತಿತ್ತು. ಮೇಷ್ಟರ ಗೆಳೆಯರೊಳಗೆ ಏನೋ ಜಗಳವಾಗಿ, ಒಂದು ಬದಿ ಅಚ್ಚಾದ ಮೇಲೆ ಬೇಡ ಅಂದುಬಿಟ್ಟರು. ಒಂದು, ನಾಲ್ಕು, ಐದು, ಎಂಟು, ನಾನು ಓದಿದ್ದು ಈ ನಾಲ್ಕು ಪುಟ. ಉಳಿದ ನಾಲ್ಕು ಈ ಲೋಕದಲ್ಲಿ ಅಚ್ಚೇ ಆಗಿರಲಿಲ್ಲ. ಐದನೆಯ ಪುಟ 'ಆದ್ದರಿಂದ ಗಾಡಿ ಓಡಿಸುವವರು' ಅಂತ ನಿಂತುಹೋಗಿತ್ತು. ಮುಂದಿನದನ್ನು ನಾನೇ ಬರೆದೆ. ಮೇಷ್ಟರು ಇದನ್ನಲ್ಲದೆ ಬೇರೇನು ಬರೆದಿರಲು ಸಾಧ್ಯ ಅಂತ ಒಂದು ಕ್ಷಣವೂ ಅನುಮಾನ ಬರಲಿಲ್ಲ.

ಮೊನ್ನೆ ಮೇಷ್ಟರು ಮತ್ತೆ ಬಂದರು. ಈ ಸಲ ಎರಡೂ ಬದಿ ಅಚ್ಚಾಯಿತು. ನಾನು ಮಡಿಸುತ್ತಿದ್ದೆ. ನೂರೋ ನೂರಿಪ್ಪತ್ತೋ ಮಡಿಸಿದ ಮೇಲೆ ಕಣ್ಣು ಆರನೆಯ ಪುಟದ ಮೇಲೆ ಬಿತ್ತು. ಬರೆದು ಕಳಿಸುತ್ತಿದ್ದೇನೆ:

'...ಹೇಗೂ ಕೆಟ್ಟ ಆ ಒಂದೇ ದಾರಿಯನ್ನು ಹಿಡಿಯಬೇಕು. ನೆಲ ಗಟ್ಟಿಯಾಗುವುದು ಹೆಚ್ಚಾಗಿ ಮೊದಲ ಎರಡು ಮೂರು ಓಟಗಳಲ್ಲಿಯೇ. ಆಮೇಲಿನ ಓಟಗಳು ಕೂಡಿಸುವುದು ಅಲ್ಪ. ಗಾಡಿ ಪ್ರತಿ ಸಲ ಹೊಸ ದಾರಿ ಹಿಡಿದರೆ ಇಡೀ ತೋಪಿನ ನೆಲ ಕೆಡುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಅದೇ ಅಪಾಯ. ಕಡಿದ ರೆಂಬೆಗಳನ್ನು ಆ ದಾರಿಗೇ ಹಾಸಿರಿ. ನೆಲ ಒದ್ದೆಯಿದ್ದಾಗ ಗಾಡಿ ಇಳಿಸಬೇಡಿ.'

ಅಣ್ಣಾ, ಆರನೆಯ ಪುಟ ಎಲ್ಲಿರಬೇಕಿತ್ತು ಗೊತ್ತಾ? ಐದನೆಯ ಪುಟದ ಬೆನ್ನಿಗೆ. ಹೊಸ ದಾರಿ ಹಿಡಿಯಿರಿ ಅಂತ ನಾನು ನಿನಗೆ ಬರೆದದ್ದು ಅಲ್ಲೇ. ಸರಿಯಾಗಿ ಆ ಜಾಗದಲ್ಲಿ.

ಮೇಷ್ಟರು ಪಕ್ಕದಲ್ಲೇ ನಿಂತಿದ್ದರು. "ಯಾಕಮ್ಮಾ ಕೈ ನಿಲ್ಲಿಸಿದೆ? ತಪ್ಪು ಏನಾದ್ರೂ ಇದೆಯಾ?" ಅಂದರು. "ಇದೆ ಸಾರ್," ಅಂದೆ. ಅವರು ಕನ್ನಡಕ ಹಾಕಿಕೊಂಡು ಆರನೆಯ ಪುಟವನ್ನು ಅಕ್ಷರ ಅಕ್ಷರ ನೋಡಿದರು. "ಎಲ್ಲಿ?" ಅಂದರು. ನಾನು ಮುಂದಿನ ಹಾಳೆ ಎಳೆದುಕೊಂಡು ಮಡಿಸತೊಡಗಿದೆ.

ನೀನು ಮಾತಿಗೆ ತಪ್ಪಿರಲಿಲ್ಲ. ತಪ್ಪಿದ್ದರೆ ಮರ ಬದುಕುತ್ತಿದ್ದವು. ನನ್ನ ಮಾತು ಕೇಳಿದ್ದಕ್ಕೆ ಸತ್ತವು.

ಬರುವ ಭಾನುವಾರ ಓದುವ ಗುಂಪಿನಲ್ಲಿ ಇದನ್ನೂ ನಿಂತು ಓದುತ್ತೇನೆ. ಗೋಡೆ ಪತ್ರಿಕೆ ನಕಲು ಮಾಡಿಕೊಂಡ ಆ ಎರಡು ಊರಿಗೆ ನಾನೇ ಹೋಗುತ್ತೇನೆ. ಅಪ್ಪನಿಗೆ ಹೇಗೆ ಹೇಳಲಿ, ಅದು ಮಾತ್ರ ಗೊತ್ತಾಗುತ್ತಿಲ್ಲ.

ತಂಗಿ


25-10-1987

ಪುಟ್ಟೀ,

ಅಪ್ಪನಿಗೆ ಹೇಳುವುದು ಏನೂ ಇಲ್ಲ. ಅವನಿಗೆ ಮೊದಲೇ ಗೊತ್ತಿತ್ತು. ಈಗ ನನ್ನ ಸರದಿ, ನಾನು ಮುಚ್ಚಿಟ್ಟದ್ದು ಕೇಳು.

ಐದನೆಯ ಪುಟದ ಬೆನ್ನಿನ ನಿನ್ನ ಕಾಗದ ಬಂದ ದಿನ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಚ್ಚಿನವರು ಇನ್ನೂ ಮಾತು ಮುಗಿಸಿಲ್ಲ, ಇವಳು ಶುರು ಮಾಡಿಬಿಟ್ಟಿದಾಳೆ," ಅಂದ. ಆಮೇಲೆ, "ಒಂದು ದಾರಿ ಕೆಡಿಸು, ಉಳಿದದ್ದು ಮುಟ್ಟಬೇಡ. ನಾವು ಸಸಿ ನೆಡುವಾಗಲೂ ಒಂದೇ ಕಾಲುದಾರಿ ಇಟ್ಟುಕೊಂಡಿದ್ದು ಯಾಕೆ ಅಂದುಕೊಂಡೆ?" ಅಂದ. ನಾನು ಏನಂದೆ ಗೊತ್ತಾ? "ಅವಳು ಓದಿದಾಳಪ್ಪಾ, ನೀನು ಬರೀ ನೆಟ್ಟಿದೀಯ," ಅಂದೆ. ಅಪ್ಪ ಎದ್ದು ಹೋದ. ನಿನಗೆ ನೆಗಡಿ ಅಂತ ಬರೆದೆ.

ಆದ್ದರಿಂದ ಸತ್ತ ಮರಗಳನ್ನೆಲ್ಲ ನೀನೊಬ್ಬಳೇ ಹೊರಬೇಡ. ನೀನೇ ಹೇಳಿದ್ದಲ್ಲವಾ, ಭಾರ ಹಂಚಿಕೊಳ್ಳಬೇಕು ಅಂತ. ಮನುಷ್ಯರ ವಿಷಯದಲ್ಲಿ ಅದು ಸರಿಯಾಗಿಯೇ ಇದೆ.

ನಿನ್ನ ಜುಲೈ ಕಾಗದ ಓದಿ ಸಿಟ್ಟು ಬಂದಿತ್ತು. ಈಗಲೂ ಸ್ವಲ್ಪ ಇದೆ.

ಈಗ ಕೆಲಸದ ಮಾತು. ಬರುವ ಜನವರಿಗೆ ಮೇಲಿನ ತೋಪಿನ ಸರದಿ. ಅದೂ ಅಪ್ಪ ನೆಟ್ಟದ್ದೇ, ಇನ್ನೂ ಒಂದು ಚಕ್ರ ಹತ್ತಿಲ್ಲ. ನಿನ್ನ ಆರನೆಯ ಪುಟವನ್ನು ಮೀಸೆಗೆ ಓದಿ ಹೇಳಿದೆ. "ಈ ಸಲ ಹಿಂದೆ ಮುಂದೆ ಪೂರ್ತಿ ಇದೆಯಾ?" ಅಂತ ಕೇಳಿ ಒಪ್ಪಿದ. ಮೇಲ್ವಿಚಾರಕರನ್ನು ಅಪ್ಪನೇ ಹಾರೆ ಸಮೇತ ಹೋಗಿ ಒಪ್ಪಿಸಿದ್ದಾನೆ. ಹಾರೆ ಕೈಯಲ್ಲಿದ್ದದ್ದು ಊರುಗೋಲಿಗೆ ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ.

ಒಂದು ದಾರಿ ಅಂದರೆ ಸುಮ್ಮನೆ ಅಲ್ಲ. ಗಾಡಿ ಹಿಡಿಸುವಷ್ಟು ಅಗಲಕ್ಕೆ, ತೋಪಿನ ಈ ತುದಿಯಿಂದ ಆ ತುದಿಗೆ, ಅಡ್ಡ ಬರುವ ಒಳ್ಳೆಯ ಮರಗಳೆಲ್ಲ ಹೋಗಬೇಕು. ನೂರ ಹನ್ನೆರಡು. ಎಣಿಸಿದ್ದು ಅಪ್ಪ. ಗುರುತು ಹಾಕುವುದೂ ಅವನೇ ಅಂತೆ, ಬೇರೆ ಯಾರೂ ಮುಟ್ಟಕೂಡದಂತೆ. ದಾರಿ ಸೊಟ್ಟಗಾಗದ ಹಾಗೆ ಹಗ್ಗ ಎಳೆದು ಹಿಡಿಯಬೇಕು. ಒಂದು ತುದಿ ನಾನು ಹಿಡಿಯುತ್ತೇನೆ ಅಂದೆ. ಬೇಡ ಅಂದ.

"ಅವಳನ್ನ ಕರಿ. ಕೆಸರು ಅಂದ್ರೆ ಬಿಡಬೇಡ," ಅಂದ.

ಅಣ್ಣ


3-2-1988

ಅಣ್ಣಾ,

ಕ್ಷೇಮವಾಗಿ ಬಂದು ತಲುಪಿದೆ. ಕೈಯ ಸುಣ್ಣ ಇನ್ನೂ ಪೂರ್ತಿ ಹೋಗಿಲ್ಲ. ಫೋರ್‌ಮನ್ನರು, "ಮನೆಗೆ ಬಣ್ಣ ಹೊಡೆಸಿದ್ರಾ?" ಅಂತ ಕೇಳಿದರು. ಹೌದು ಅಂದೆ.

ಅಲ್ಲಿ ನಿನ್ನೆದುರು ಹೇಳಲಾಗದ್ದನ್ನು ಇಲ್ಲಿಂದ ಬರೆಯುತ್ತೇನೆ. ಮೊದಲ ಮರಕ್ಕೆ ಸುಣ್ಣ ಬಳಿಯುವಾಗ ಅಪ್ಪನ ಕೈ ನಿಲ್ಲುತ್ತದೆ ಅಂತ ಕಾದಿದ್ದೆ. ನಿಲ್ಲಲಿಲ್ಲ. ನಿಂತದ್ದು ನನ್ನ ಕೈ. ಹಗ್ಗ ಸಡಿಲವಾಯಿತು. ಅವನು ತಿರುಗಿಯೂ ನೋಡದೆ, "ಎಳಿ," ಅಂದ. ಎಳೆದೆ. ನೂರ ಹನ್ನೆರಡು ಸಲ ಎಳೆದೆ. ಇಡೀ ಕಾಡನ್ನು ಉಳಿಸುತ್ತೇನೆ ಅಂತ ಕೂಗಾಡುವವಳಿಗೆ ಒಂದು ಪಟ್ಟಿ ಕಾಡನ್ನು ಕಣ್ಣು ಬಿಟ್ಟುಕೊಂಡು ಬಿಟ್ಟುಕೊಡಲು ಬರುತ್ತಿರಲಿಲ್ಲ, ಅಷ್ಟೇ ಅಣ್ಣಾ. ಅದಕ್ಕೆ ಎಲ್ಲವನ್ನೂ ಕೊಟ್ಟೆ.

ನೀನು ಮತ್ತು ಮೀಸೆಯವರು ರೆಂಬೆ ಹಾಸಿದ ದಾರಿಯಲ್ಲಿ ಕೊನೆಯ ಓಟ ಮುಗಿಸಿ ಚಹಾಕ್ಕೆ ಹೋದಾಗ ಅಪ್ಪ ಹಾರೆಯನ್ನು ನನ್ನ ಕೈಗೆ ಕೊಟ್ಟ. ದಾರಿಯಲ್ಲಿ ಊರಿದೆ, ನಾಲ್ಕು ಬೆರಳು ಇಳಿಯಿತು. ದಾರಿಯಿಂದ ಐದು ಹೆಜ್ಜೆ ಆಚೆ ಊರಿದೆ. ನಾನು ಒತ್ತಲೇ ಇಲ್ಲ, ಅದರ ಭಾರಕ್ಕೆ ಅದೇ ಒಂದೂವರೆ ಮೊಳ ಇಳಿದು ನಿಂತಿತು. ಬೆಚ್ಚಿಬಿದ್ದೆ. ನೆಲ ಇಷ್ಟು ಮೆತ್ತಗಿರುತ್ತದೆ ಅಂತ ಕಾಡಿನ ಬಗ್ಗೆ ಇಷ್ಟೆಲ್ಲ ಮಾತಾಡಿದ ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಒಬ್ಬಳೇ ಕೆಳಗಿನ ತೋಪಿಗೆ ಹೋಗಿದ್ದೆ. ನೂರು ಕಡೆ ಊರಿದೆ. ಎಲ್ಲಿ ಊರಿದರೂ ನಾಲ್ಕು ಬೆರಳು.

ಏಳನೆಯ ಪುಟದಲ್ಲಿ ಬರೆದಿದೆ, ಹೀಗೆ ಗಟ್ಟಿಯಾದ ನೆಲ ಎರೆಹುಳು, ಬೇರು, ಮಳೆಯಿಂದ ತಾನಾಗಿಯೇ ಮತ್ತೆ ಸಡಿಲವಾಗಲು ಮೂವತ್ತು ವರ್ಷ ಬೇಕಾಗಬಹುದು ಅಂತ. ನನಗೀಗ ಇಪ್ಪತ್ತೆರಡು.

ಅಪ್ಪನಿಗೆ ಹೇಳು, ಆ ಹಾರೆ ಇನ್ನು ಯಾರಿಗೂ ಕೊಡಬೇಡ, ನನಗೆ ಬೇಕು. ಪ್ರತಿ ವರ್ಷ ಈ ತಿಂಗಳು ಬಂದು ಕೆಳಗಿನ ತೋಪಿನಲ್ಲಿ ನೂರು ಕಡೆ ಊರಿ ನೋಡುತ್ತೇನೆ. ಐದನೆಯ ಬೆರಳು ಇಳಿದ ದಿನ ನಿನಗೆ ಕಾಗದ ಬರೆಯುತ್ತೇನೆ.

ತಂಗಿ